ಓದುಗರ ಪ್ರಶ್ನೆ: ಉಗಾಂಡದ ಹಳ್ಳಿ ಕ್ಲಿನಿಕ್ಕಿಗೆ ಹೊರಟವರಿಗೆ

ಪ್ರಶ್ನೆ: ನಾನು ಸುರಪುರ ತಾಲ್ಲೂಕಿನ ಪಿಎಚ್‌ಸಿಯೊಂದರಲ್ಲಿ ಸ್ಟಾಫ್ ನರ್ಸ್. ಉಗಾಂಡದ ಹಳ್ಳಿ ಕ್ಲಿನಿಕ್ಕಿನಲ್ಲಿ ಮೂರು ತಿಂಗಳು ಸಂಬಳವಿಲ್ಲದೆ ಸೇವೆ ಮಾಡಲು ಕರೆದಿದ್ದಾರೆ. ಟೂರಿಸ್ಟ್ ವೀಸಾ ಸಾಕು ಅಂತಾರ್ರಿ. ಏನೇನು ತಯಾರಿ ಬೇಕು?
– ಓದುಗರು, ಯಾದಗಿರಿ ಜಿಲ್ಲೆ

ಉತ್ತರ: ಸಿಸ್ಟರ್, ಟೂರಿಸ್ಟ್ ವೀಸಾದ ಮಾತಿಗೆ ಒಪ್ಪಬೇಡಿ. ಸಂಬಳ ಇರಲಿ ಬಿಡಲಿ, ರೋಗಿಗೆ ಇಂಜೆಕ್ಷನ್ ಕೊಟ್ಟರೆ ಅದು ಕೆಲಸವೇ. ಅಲ್ಲಿನ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ, ಕೆಲಸಕ್ಕೆ ತಕ್ಕ ಪರವಾನಗಿ ಎರಡನ್ನೂ ಕರೆದವರೇ ಮಾಡಿಸಿಕೊಡಲಿ. ನೀವು ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟ್ (ನೋಂದಣಿ ಚಾಲ್ತಿಯಲ್ಲಿದೆ, ಶಿಸ್ತುಕ್ರಮವಿಲ್ಲ ಎಂಬ ಪತ್ರ), ಇಲಾಖೆಯ ಲಿಖಿತ ಅನುಮತಿ ಹೊಂದಿಸಿಕೊಳ್ಳಿ.

ಯೆಲ್ಲೋ ಫೀವರ್ ಲಸಿಕೆ ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ. ಹಾಕಿಸಿಕೊಂಡು 10 ದಿನ ಕಳೆದ ಮೇಲೆಯೇ ಕಾರ್ಡ್ ಊರ್ಜಿತ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಕಾರ್ಡಿಲ್ಲದೆ ವಾಪಸಾದರೆ ನಮ್ಮ ವಿಮಾನ ನಿಲ್ದಾಣದಲ್ಲೇ 6 ದಿನದವರೆಗೆ ಕ್ವಾರಂಟೈನ್ ಮಾಡಬಹುದು. ಮೊಟ್ಟೆ ಅಲರ್ಜಿಯಿದ್ದರೆ ಮೊದಲೇ ಹೇಳಿ. ಹೆಪಟೈಟಿಸ್ ಬಿ ಲಸಿಕೆ 0, 1, 6ನೇ ತಿಂಗಳಿಗೆ ಮೂರು ಡೋಸ್. ಮುಗಿದು ಒಂದೆರಡು ತಿಂಗಳಿಗೆ ಆ್ಯಂಟಿ-ಎಚ್‌ಬಿಎಸ್ ಪರೀಕ್ಷೆ (ಲಸಿಕೆಯಿಂದ ರಕ್ಷಣೆ ಬಂದಿದೆಯೇ ಎಂದು ನೋಡುವ ರಕ್ತಪರೀಕ್ಷೆ) ಮಾಡಿಸಿ, 10 mIU/mL ಅಥವಾ ಹೆಚ್ಚು ಇರಬೇಕು.

ಮಲೇರಿಯಾ ಬಾರದಂತೆ ವೈದ್ಯರು ಡಾಕ್ಸಿಸೈಕ್ಲಿನ್ ಬರೆದುಕೊಟ್ಟರೆ ದಿನಕ್ಕೆ 100 ಮಿ.ಗ್ರಾಂ., ಹೊರಡುವ ಒಂದೆರಡು ದಿನ ಮುಂಚೆ ಶುರು. ಉಂಡು, ತುಂಬು ಲೋಟ ನೀರಿನೊಂದಿಗೆ ನುಂಗಿ. ನುಂಗಿದ ಕೂಡಲೇ ಮಲಗಿದರೆ ಅನ್ನನಾಳದಲ್ಲಿ ಹುಣ್ಣಾಗಬಹುದು. ಗರ್ಭಿಣಿಯರಿಗೆ ಇದು ಬೇಡ. ಊರಿಗೆ ಬಂದ ಮೇಲೂ 4 ವಾರ ನುಂಗಲೇಬೇಕು. ಬಹಳ ಮಂದಿ ತಪ್ಪುವುದು ಇಲ್ಲೇ. ಕೊನೇ ದಿನ ಕಚ್ಚಿದ ಸೊಳ್ಳೆಯ ರೋಗಾಣು ಮೊದಲು ಯಕೃತ್ತಿನಲ್ಲಿ ಅಡಗಿರುತ್ತದೆ, ರಕ್ತಕ್ಕಿಳಿದಾಗ ಅದನ್ನು ಹಿಡಿಯಲು ಔಷಧಿ ಇರಬೇಕಲ್ಲ! ಮರಳಿ ಬಂದು ಮೂರು ತಿಂಗಳೊಳಗೆ ಜ್ವರ ಬಂದರೆ, ಎಲ್ಲಿಗೆ ಹೋಗಿದ್ದಿರಿ ಎಂದು ವೈದ್ಯರು ಕೇಳುವ ಮೊದಲೇ ನೀವೇ ಹೇಳಿ.

ಸೂಜಿ ಚುಚ್ಚಿಕೊಂಡರೆ ಸೋಪು, ಹರಿಯುವ ನೀರಿನಲ್ಲಿ ತೊಳೆಯಿರಿ. ಹಿಂಡಬೇಡಿ, ಸ್ಪಿರಿಟ್ ಬೇಡ. ಎಚ್‌ಐವಿ ತಡೆ ಮಾತ್ರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು. 72 ಗಂಟೆ ಮೀರಬಾರದು, 28 ದಿನ ಬಿಡದೆ ನುಂಗಬೇಕು. ಈ ಮಾತ್ರೆ ಕ್ಲಿನಿಕ್ಕಿನಲ್ಲೇ ಇದೆಯೇ ಎಂದು ಬರಹದಲ್ಲಿ ಕೇಳಿ. ಇಲ್ಲ ಎಂದರೆ ಹೋಗಬೇಡಿ ಎಂಬುದೇ ನಮ್ಮ ಸಲಹೆ.

ಇನ್ನು, ಡಾಕ್ಟರಿಲ್ಲ, ನೀವೇ ಹೊಲಿಗೆ ಹಾಕಿ, ಹಲ್ಲು ಕೀಳಿ ಎಂದರೆ ಕಡ್ಡಿ ಮುರಿದಂತೆ ಇಲ್ಲ ಎನ್ನಿ. ಇಲ್ಲಿ ಮಾಡಲು ನಿಮಗೆ ಅಧಿಕಾರವಿಲ್ಲದ್ದನ್ನು ಅಲ್ಲಿನ ಬಡವರ ಮೈಮೇಲೂ ಮಾಡಬಾರದು.

ಪ್ರಶ್ನೆ: ಮಲೇರಿಯಾ ಪತ್ತೆಯ ರಕ್ತಪರೀಕ್ಷೆ ಕಿಟ್‌ನಲ್ಲಿ ಗುಣವಾದವರಿಗೂ ಪಾಸಿಟಿವ್ ಬರುತ್ತದೆಯೇ?
– ಲ್ಯಾಬ್ ಟೆಕ್ನೀಷಿಯನ್, ಹುಮನಾಬಾದ್

ಉತ್ತರ: ಬರುತ್ತದೆ. ಫಾಲ್ಸಿಪ್ಯಾರಮ್ ಎಂಬ ಮಲೇರಿಯಾ ರೋಗಾಣು ಸತ್ತರೂ, ಕಿಟ್ ಗುರುತಿಸುವ ಅದರ ಎಚ್‌ಆರ್‌ಪಿ-2 ಪ್ರೋಟೀನ್ ವಾರಗಟ್ಟಲೆ ರಕ್ತದಲ್ಲಿರುತ್ತದೆ. ಇತ್ತೀಚೆಗೆ ಚಿಕಿತ್ಸೆ ಪಡೆದವರಿಗೆ ರಕ್ತದ ಸ್ಲೈಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ತೀರ್ಮಾನಿಸಿ. ಕಿಟ್‌ನ ಗೆರೆಯನ್ನು ಡಬ್ಬಿಯ ಮೇಲೆ ಬರೆದ ಹೊತ್ತಿಗೇ ಓದಿ, ತಡವಾಗಿ ಮೂಡಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಒಂದು ಕಿಟ್‌ನ ಬಫರ್ (ಜೊತೆಗೆ ಬರುವ ದ್ರಾವಣ) ಇನ್ನೊಂದಕ್ಕೆ ಹಾಕಬೇಡಿ.