ಪುಡಿಯೋ ಸಿರಪ್ಪೋ ಎಂದು ಕೇಳುವ ಮೊದಲು ಹಾಲಿನ ಲೋಟವನ್ನು ಬದಿಗಿಡಿ

ಹದಿನಾಲ್ಕು ತಿಂಗಳ ಮಗುವಿಗೆ ಹಿಮೋಗ್ಲೋಬಿನ್ (ರಕ್ತದ ಕೆಂಪು ಅಂಶ) 9.2 ಬಂದಿದೆ, ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣಾಂಶದ ಸಿರಪ್ಪನ್ನು ಹಾಲಿನಲ್ಲಿ ಹಾಕಿ ಕುಡಿಸುತ್ತಿದ್ದೀರಿ, ಅದನ್ನೇ ಮುಂದುವರಿಸಬೇಕೋ, ಔಷಧದ ಅಂಗಡಿಯಲ್ಲಿ ಸಿಗುವ ಸೂಕ್ಷ್ಮ ಪೋಷಕಾಂಶಗಳ ಪುಡಿಯನ್ನು ತರಬೇಕೋ, ಇಲ್ಲವೆ ಹಿರಿಯರು ಹೇಳುವಂತೆ ಬೀಟ್‌ರೂಟ್ ಮತ್ತು ದಾಳಿಂಬೆ ಸಾಕೋ ಎಂದು ಕೇಳಿದ್ದೀರಿ. ನೀವು ಗದಗ ಜಿಲ್ಲೆಯ ಹಳ್ಳಿಯವರು, ನಾನು ಶಿಗ್ಗಾವಿ ತಾಲ್ಲೂಕಿನವಳು. ಇದೇ ಪ್ರಶ್ನೆ ಹಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲೂ ಎದ್ದಿತ್ತು, ಮತ್ತು ಅದನ್ನು ನಾನು ಬಗೆಹರಿಸಿಕೊಂಡ ರೀತಿಯಿಂದಾಗಿ ನನ್ನ ಮಗ ಒಂದಿಡೀ ಮಳೆಗಾಲ ಸೊರಗಿದ.

ಅವನ ತೂಕ ತೀರಾ ಕಡಿಮೆಯಿರಲಿಲ್ಲ, ಕೆನ್ನೆ ತುಂಬಿಕೊಂಡಿತ್ತು, ಆದ್ದರಿಂದ ಮನೆಯಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಅಂಗಳದ ಮಣ್ಣನ್ನೂ ಗೋಡೆಯ ಸುಣ್ಣವನ್ನೂ ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿದ್ದುದನ್ನು ಕೆಟ್ಟ ಚಾಳಿಯೆಂದು ತಿಳಿದು ಗದರಿಸುತ್ತಿದ್ದೆವು. ಅದು ಕಬ್ಬಿಣಾಂಶದ ಕೊರತೆಯ ಲಕ್ಷಣವೂ ಆಗಿರಬಹುದೆಂದು ಆಗ ನಮಗೆ ಹೇಳಿದವರಿಲ್ಲ. ಬೆರಳು ಚುಚ್ಚಿ ನೋಡಿದಾಗ ಹಿಮೋಗ್ಲೋಬಿನ್ ಹತ್ತಕ್ಕಿಂತ ತುಸು ಮೇಲಿತ್ತು. ಆಶಾ ಕಾರ್ಯಕರ್ತೆ ಬಾಟಲಿ ಕೊಟ್ಟು, ವಾರಕ್ಕೆ ಎರಡು ಸಲ ಒಂದೊಂದು ಮಿ.ಲೀ. ಹಾಕಬೇಕೆಂದು ತಿಳಿಸಿ ಹೋದರು. ಮಗ ಮೊದಲ ಸಲವೇ ಮುಖ ಕಿವುಚಿ ಉಗುಳಿದ. ಮನೆಯಲ್ಲಿ ಹಿಂಡುವ ಎಮ್ಮೆಯಿತ್ತು. ನಮ್ಮ ಅತ್ತೆಯವರು ಮೊಮ್ಮಗನ ಮೇಲಿನ ಅಕ್ಕರೆಯಿಂದ, "ಹಾಲಿನ್ಯಾಗ ಹಾಕಿ ಕುಡಸವ್ವಾ, ಹೊಟ್ಟಿಗೆ ಹೋದ್ರ ಸಾಕಲ್ಲ" ಎಂದರು. ನನಗೂ ಅದು ಸರಿಯೆನಿಸಿತು. ಅಂದಿನಿಂದ ಸಿರಪ್ ಹಾಲಿನ ಲೋಟಕ್ಕೆ ಬೀಳತೊಡಗಿತು.

ಈ ತಪ್ಪನ್ನು ಬಿಡಿಸಿ ಹೇಳಬೇಕು, ಏಕೆಂದರೆ ನೀವೂ ಅದನ್ನೇ ಮಾಡುತ್ತಿದ್ದೀರಿ ಮತ್ತು ಅದು ನೋಡುವುದಕ್ಕೆ ತಪ್ಪಿನಂತೆ ಕಾಣುವುದೇ ಇಲ್ಲ. ಹಾಲಿನಲ್ಲಿರುವ ಕ್ಯಾಲ್ಸಿಯಂ ಮತ್ತು ಕೇಸಿನ್ ಎಂಬ ಪ್ರೋಟೀನು ಕರುಳು ಕಬ್ಬಿಣಾಂಶವನ್ನು ಹೀರಿಕೊಳ್ಳುವುದಕ್ಕೆ ಅಡ್ಡಿಯಾಗುತ್ತವೆ. ಔಷಧ ಹೊಟ್ಟೆಗೆ ಹೋಗುತ್ತದೆ, ರಕ್ತಕ್ಕೆ ಸೇರಬೇಕಾದಷ್ಟು ಸೇರುವುದಿಲ್ಲ. ಇದು ಮೊದಲನೆಯ ನಷ್ಟ. ಎರಡನೆಯದೆಂದರೆ, ಮಗು ಲೋಟದ ಹಾಲನ್ನು ಪೂರ್ತಿ ಕುಡಿಯುತ್ತದೆಂಬ ಖಾತರಿಯಿಲ್ಲ. ಅರ್ಧ ಲೋಟ ಉಳಿದರೆ ಅರ್ಧ ಔಷಧವೂ ಉಳಿಯಿತು, ಅದನ್ನು ನಾನು ಎಂದೂ ಲೆಕ್ಕಕ್ಕೆ ಹಿಡಿಯಲಿಲ್ಲ. ಆದರೆ ನಿಜವಾದ ಕೇಡು ಮೂರನೆಯದರಲ್ಲಿತ್ತು. ಹಾಲನ್ನೇ ಔಷಧವೆಂದು ನಂಬಿದ ಮೇಲೆ ನಾವು ಹಾಲನ್ನು ಹೆಚ್ಚಿಸುತ್ತಲೇ ಹೋದೆವು. ಬೆಳಿಗ್ಗೆ ಹಾಲು, ಮಧ್ಯಾಹ್ನ ಮಲಗುವಾಗ ಹಾಲು, ಸಂಜೆ ಅತ್ತರೆ ಹಾಲು. ದನ, ಎಮ್ಮೆಗಳ ಹಾಲಿನಲ್ಲಿ ಕಬ್ಬಿಣಾಂಶ ಇಲ್ಲವೆನ್ನುವಷ್ಟು ಕಡಿಮೆ. ಹೊಟ್ಟೆ ಹಾಲಿನಿಂದಲೇ ತುಂಬಿದ ಮಗು ಬೇಳೆಯನ್ನೂ ಪಲ್ಯವನ್ನೂ ಏಕೆ ತಿನ್ನಬೇಕು? ಕೆಲವು ವಾರಗಳಲ್ಲಿ ಅವನಿಗೆ ಹಾಲಿನ ರುಚಿಯೂ ಬೇಡವಾಯಿತು, ಆಗ ಮನೆಯವರು ಚಹಾದಲ್ಲಿ ಬಿಸ್ಕೀಟು ಅದ್ದಿ ತಿನ್ನಿಸಲು ಆರಂಭಿಸಿದರು. ಊಟದ ಜೊತೆಗೆ ಕುಡಿದ ಚಹಾ, ಬೇಳೆಕಾಳು ಮತ್ತು ಸೊಪ್ಪಿನಲ್ಲಿರುವ ಕಬ್ಬಿಣಾಂಶದ ಹೀರಿಕೆಯನ್ನು ಅರ್ಧಕ್ಕಿಂತಲೂ ಕೆಳಗೆ ತಳ್ಳಬಲ್ಲದು. ಬಾಟಲಿಯಂತೂ ಖಾಲಿಯಾಗುತ್ತಿತ್ತು, ನಾನು ನನ್ನ ಕರ್ತವ್ಯ ಮಾಡುತ್ತಿದ್ದೇನೆಂಬ ಸಮಾಧಾನದಲ್ಲಿದ್ದೆ. ಮಳೆಗಾಲ ಮುಗಿಯುವ ಹೊತ್ತಿಗೆ ಅವನು ನಾಲ್ಕು ಹೆಜ್ಜೆ ನಡೆದು ಕುಳಿತುಬಿಡುತ್ತಿದ್ದ, ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಂಡಿತ್ತು, ಹಿಮೋಗ್ಲೋಬಿನ್ ಒಂಬತ್ತಕ್ಕಿಂತ ಕೆಳಗಿಳಿದಿತ್ತು.

ಹುಬ್ಬಳ್ಳಿಯ ಮಕ್ಕಳ ವೈದ್ಯರು ಔಷಧದ ಹೆಸರು ಕೇಳುವ ಮೊದಲೇ, ದಿನಕ್ಕೆ ಎಷ್ಟು ಹಾಲು ಕುಡಿಯುತ್ತಾನೆಂದು ಕೇಳಿದರು. ಅವರು ವಿವರಿಸಿದ ಮೇಲೆಯೇ ನನಗೆ ಇನ್ನೊಂದು ವಿಷಯ ತಿಳಿಯಿತು, ಮತ್ತು ನಿಮ್ಮ ಪ್ರಶ್ನೆಯನ್ನು ನಾನು ಒಪ್ಪದಿರುವುದೂ ಅದೇ ಕಾರಣಕ್ಕೆ. ನೀವು ತಡೆಗಟ್ಟುವ ಔಷಧಗಳಲ್ಲಿ ಯಾವುದು ಮೇಲೆಂದು ಕೇಳುತ್ತಿದ್ದೀರಿ; ನಿಮ್ಮ ಮಗು ಆ ಹಂತವನ್ನು ಈಗಾಗಲೇ ದಾಟಿದೆ. ನಮ್ಮ ದೇಶದ ರಕ್ತಹೀನತೆ ಕಾರ್ಯಕ್ರಮದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ, 10ರಿಂದ 10.9 ಅಲ್ಪ ಪ್ರಮಾಣದ್ದು, 7ರಿಂದ 9.9 ಮಧ್ಯಮ, 7ಕ್ಕಿಂತ ಕೆಳಗೆ ತೀವ್ರ. ಆಶಾ ಕಾರ್ಯಕರ್ತೆಯ ಸಿರಪ್ಪಿನ ಒಂದು ಮಿ.ಲೀ.ನಲ್ಲಿ 20 ಮಿ.ಗ್ರಾಂ ಕಬ್ಬಿಣಾಂಶ, 100 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ವಾರಕ್ಕೆ ಎರಡು ಸಲವೆಂದರೆ 40 ಮಿ.ಗ್ರಾಂ, ಅದು ತಡೆಗಟ್ಟುವ ಪ್ರಮಾಣ. ಚಿಕಿತ್ಸೆಯ ಪ್ರಮಾಣವಾದರೋ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 3 ಮಿ.ಗ್ರಾಂ, ಅದೂ ಎರಡು ತಿಂಗಳು ಪ್ರತಿದಿನ. ಒಂಬತ್ತು ಕಿಲೋ ತೂಗುವ ಮಗುವಿಗೆ ವಾರಕ್ಕೆ 189 ಮಿ.ಗ್ರಾಂ ಆಯಿತು. ಎರಡರ ನಡುವಿನ ಅಂತರ ನೋಡಿ. 9.2 ಇರುವ ಮಗುವಿಗೆ ಪುಡಿ ಮೇಲೋ ಸಿರಪ್ ಮೇಲೋ ಎಂದು ತೂಗುತ್ತ ಕೂರದೆ, ಈ ವಾರವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಮಕ್ಕಳ ವೈದ್ಯರಲ್ಲಿಗೋ ಕರೆದೊಯ್ಯಿರಿ. ನಾನು ಲೆಕ್ಕ ಬರೆದಿದ್ದೇನೆಂದು ನೀವೇ ಅಳೆದು ಹಾಕಬೇಡಿ. ಒಂದೊಂದು ಕಂಪನಿಯ ಸಿರಪ್ಪಿನ ಸಾಮರ್ಥ್ಯ ಒಂದೊಂದು ತೆರನಾಗಿರುತ್ತದೆ.

ಪುಡಿಯನ್ನು ನಾನು ತಳ್ಳಿಹಾಕುತ್ತಿಲ್ಲ. ಆರು ತಿಂಗಳಿಂದ ಎರಡು ವರ್ಷದ ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಶಿಫಾರಸು ಮಾಡಿದ ಪುಡಿಯ ಒಂದು ಪೊಟ್ಟಣದಲ್ಲಿ 10ರಿಂದ 12.5 ಮಿ.ಗ್ರಾಂ ಕಬ್ಬಿಣಾಂಶ, ಜೊತೆಗೆ ಎ ಜೀವಸತ್ವ ಮತ್ತು ಸತುವು ಇರುತ್ತವೆ. ಅದನ್ನು ಬಿಸಿ ಆರಿದ ಮೆತ್ತನೆಯ ಊಟದ ಮೊದಲ ಕೆಲವು ತುತ್ತುಗಳಲ್ಲಿ ಬೆರೆಸಿ ಅರ್ಧ ಗಂಟೆಯೊಳಗೆ ತಿನ್ನಿಸಿ ಮುಗಿಸಬೇಕು. ಕುದಿಯುವ ಅಂಬಲಿಗೆ ಹಾಕಿದರೆ ಬಣ್ಣವೂ ರುಚಿಯೂ ಕೆಡುತ್ತವೆ. ಆದರೆ ಸಿರಪ್ ಮನೆಬಾಗಿಲಿಗೆ ಉಚಿತವಾಗಿ ಬರುತ್ತದೆ, ಮುಗಿದರೆ ಕೇಳುವುದಕ್ಕೆ ಒಬ್ಬರು ಇರುತ್ತಾರೆ. ದುಡ್ಡು ಕೊಟ್ಟು ತರುವುದು ಸುಗ್ಗಿಯ ತಿಂಗಳಲ್ಲಿ ನಡೆಯುತ್ತದೆ, ಬಿತ್ತನೆಯ ತಿಂಗಳಲ್ಲಿ ನಿಂತುಹೋಗುತ್ತದೆ. ಹಳ್ಳಿಯ ಮನೆಗೆ ಸಿರಪ್ಪೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ವೈದ್ಯರನ್ನು ಕೇಳದೆ ಎರಡನ್ನೂ ಒಟ್ಟಿಗೆ ಕೊಡಬೇಡಿ.

ಬೀಟ್‌ರೂಟಿನ ಕೆಂಪು ರಕ್ತದ ಕೆಂಪಲ್ಲ. ನೂರು ಗ್ರಾಂ ಬೀಟ್‌ರೂಟಿನಲ್ಲಿ ಒಂದು ಮಿ.ಗ್ರಾಂ ಕಬ್ಬಿಣಾಂಶವೂ ಇಲ್ಲ, ದಾಳಿಂಬೆಯಲ್ಲಿ ಅದಕ್ಕಿಂತ ಕಡಿಮೆ. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 8 ಮಿ.ಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. ಅಷ್ಟಕ್ಕೆ ಒಂದು ಕಿಲೋ ಬೀಟ್‌ರೂಟು ಬೇಕಾದೀತು. ಅದರ ಬದಲು ನಮ್ಮ ಮನೆಗಳಲ್ಲಿ ಇರುವುದನ್ನೇ ಬಳಸಿ: ಮೊಳಕೆ ಬರಿಸಿ ಬೇಯಿಸಿ ಹಿಚುಕಿದ ಹೆಸರುಕಾಳು ಅಥವಾ ಮಡಕಿಕಾಳು, ನುಣ್ಣಗೆ ಬೆಂದ ರಾಜಗಿರಿ ಸೊಪ್ಪು, ಸಾರಿನಲ್ಲಿ ನೆನೆಸಿದ ಜೋಳದ ರೊಟ್ಟಿ, ಮೇಲೆ ನಾಲ್ಕು ಹನಿ ಲಿಂಬೆರಸ. ಜೋಳ ಮತ್ತು ಕಾಳುಗಳಲ್ಲಿರುವ ಫೈಟೇಟ್ ಎಂಬ ಅಂಶ ಕಬ್ಬಿಣಾಂಶವನ್ನು ಮೈಗೆ ಸೇರದಂತೆ ಹಿಡಿದಿಡುತ್ತದೆ. ಮೊಳಕೆ ಬರಿಸಿದರೆ ಅದು ಇಳಿಯುತ್ತದೆ, ಲಿಂಬೆಯ ಸಿ ಜೀವಸತ್ವ ಉಳಿದ ಕೆಲಸ ಮಾಡುತ್ತದೆ. ಮಾಂಸ ತಿನ್ನುವ ಮನೆಯಾಗಿದ್ದರೆ ಮೆತ್ತಗೆ ಬೇಯಿಸಿದ ಕುರಿಯ ಲಿವರಿನ ಚಿಕ್ಕ ತುಂಡು ಇವೆಲ್ಲಕ್ಕಿಂತ ಬೇಗ ಮೈಗೆ ಹತ್ತುತ್ತದೆ. ಎದೆಹಾಲನ್ನು ನಿಲ್ಲಿಸಬೇಡಿ, ಮೇಲಿನ ಹಾಲನ್ನು ದಿನಕ್ಕೆ ಅರ್ಧ ಲೀಟರಿಗೆ ಮೀರಿಸಬೇಡಿ, ಚಹಾವನ್ನು ಪೂರ್ತಿ ಬಿಡಿಸಿ.

ಸಿರಪ್ಪನ್ನು ಊಟವಾಗಿ ಸುಮಾರು ಒಂದು ಗಂಟೆಯ ನಂತರ, ಹಾಲಿನ ಹೊತ್ತಿನಿಂದ ದೂರವಿಟ್ಟು, ಕೆನ್ನೆಯ ಒಳಬದಿಗೆ ನಿಧಾನವಾಗಿ ಬಿಡಿ, ಆಮೇಲೆ ಎರಡು ಗುಟುಕು ನೀರು ಕುಡಿಸಿ. ಮಲ ಕಪ್ಪಗಾಗುತ್ತದೆ, ಅದನ್ನು ನೋಡಿ ಹೆದರಿ ನಿಲ್ಲಿಸಿದ ಮನೆಗಳನ್ನು ನಮ್ಮೂರಿನಲ್ಲೇ ಬಹಳ ಕಂಡಿದ್ದೇನೆ. ಜ್ವರ, ಭೇದಿ ಇದ್ದಾಗ ತಡೆಹಿಡಿದು, ವಾಸಿಯಾದ ಮೇಲೆ ಮತ್ತೆ ಶುರುಮಾಡಿ. ಫೆಬ್ರುವರಿ 10 ಮತ್ತು ಆಗಸ್ಟ್ 10ರ ಸುಮಾರಿಗೆ ಅಂಗನವಾಡಿಯಲ್ಲಿ ಕೊಡುವ ಜಂತುಹುಳುವಿನ ಮಾತ್ರೆಯನ್ನು ತಪ್ಪಿಸಬೇಡಿ. ಒಂದರಿಂದ ಎರಡು ವರ್ಷದೊಳಗಿನವರಿಗೆ ಅರ್ಧ ಮಾತ್ರೆಯನ್ನು ಪುಡಿಮಾಡಿ ನೀರಿನಲ್ಲಿ ಕದಡಿ ಕೊಡುತ್ತಾರೆ. ಬಾಟಲಿ ಮಾತ್ರ ಮಕ್ಕಳ ಕೈಗೆ ಎಟುಕಲೇಬಾರದು, ಏಕೆಂದರೆ ಒಂದೇ ಸಲಕ್ಕೆ ಬಾಟಲಿಯಷ್ಟು ಕುಡಿದರೆ ಕಬ್ಬಿಣಾಂಶ ವಿಷವಾಗಿ ಪ್ರಾಣಕ್ಕೇ ಎರವಾಗಬಹುದು.

ನನ್ನ ಮಗ ಹಾಲು ಇಳಿಸಿ, ಔಷಧವನ್ನು ನೀರಿನೊಂದಿಗೆ ತೆಗೆದುಕೊಂಡ ಮೇಲೆ ಎರಡು ತಿಂಗಳ ತಪಾಸಣೆಯಲ್ಲಿ ಹನ್ನೊಂದನ್ನು ದಾಟಿದ, ಮಣ್ಣು ತಿನ್ನುವುದನ್ನು ಅದಕ್ಕೂ ಮೊದಲೇ ತಾನಾಗಿ ಬಿಟ್ಟ. ಮಗಳಿಗೆ ಆರು ತಿಂಗಳು ತುಂಬಿದ ವಾರದಿಂದಲೇ ಸಿರಪ್ ಆರಂಭಿಸಿದೆ. ತಾಯಿಯ ಗರ್ಭದಿಂದ ತಂದ ಕಬ್ಬಿಣಾಂಶದ ದಾಸ್ತಾನು ಆ ಹೊತ್ತಿಗೆ ಕರಗುತ್ತ ಬಂದಿರುತ್ತದೆ, ತಡೆಗಟ್ಟುವುದಕ್ಕೆ ಸರಿಯಾದ ಸಮಯ ಅದೇ. 2019ರಿಂದ 2021ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಹೀಗಿರುವಾಗ ಅಂಕಿ ಬೀಳುವವರೆಗೆ ಕಾಯುವುದಕ್ಕೆ ಯಾವ ಅರ್ಥವೂ ಇಲ್ಲ.

ಎರಡು ತಿಂಗಳು ಸರಿಯಾಗಿ ಕೊಟ್ಟರೂ ನಿಮ್ಮ ಮಗುವಿನ ಹಿಮೋಗ್ಲೋಬಿನ್ ಏರದಿದ್ದರೆ ಮತ್ತೊಂದು ಬಾಟಲಿ ತರಬೇಡಿ. ಬಿ12 ಜೀವಸತ್ವದ ಕೊರತೆಯೋ ಥಲಸ್ಸೀಮಿಯಾ ಎಂಬ ಹುಟ್ಟಿನಿಂದ ಬರುವ ರಕ್ತದ ಕಾಯಿಲೆಯೋ ಇರಬಹುದೇ ಎಂದು ವೈದ್ಯರನ್ನು ಕೇಳಿ ಪರೀಕ್ಷೆ ಮಾಡಿಸಿ. ಮಗುವನ್ನು ಕರೆದೊಯ್ದ ದಿನವೇ ನಿಮ್ಮ ರಕ್ತವನ್ನೂ ತೋರಿಸಿಕೊಳ್ಳಿ, ಏಕೆಂದರೆ ಬಸುರಿಯಾಗಿದ್ದಾಗ ತಾಯಿಗೆ ರಕ್ತ ಕಡಿಮೆಯಿದ್ದರೆ ಮಗು ಹುಟ್ಟುವಾಗಲೇ ಕಡಿಮೆ ದಾಸ್ತಾನು ಹೊತ್ತು ಬಂದಿರುವ ಸಂಭವವಿದೆ, ಮತ್ತು ನಮ್ಮ ಕಡೆ ತಾಯಂದಿರ ಬೆರಳು ಚುಚ್ಚಿ ನೋಡುವುದು ಹೆರಿಗೆಯಾದ ಮೇಲೆ ನಿಂತೇಹೋಗಿರುತ್ತದೆ.