ಲಾಲ್‌ಬಾಗ್‌ನಲ್ಲಿ ನಡೀತಾ ಕೌನ್ಸೆಲಿಂಗ್: ನನ್ನ ಅನುಭವ

ನಿಮ್ಮ ಕೌನ್ಸೆಲರ್ "ಮುಂದಿನ ಸಲ ಲಾಲ್‌ಬಾಗ್‌ನಲ್ಲಿ ನಡೀತಾ ಮಾತಾಡೋಣ" ಅಂದಿದ್ದಾರೆ, ಅದರಿಂದ ಉಪಯೋಗ ಇದೆಯಾ, ಪರಿಚಯದವರು ಕಂಡರೆ ಏನು ಮಾಡೋದು ಅಂತ ಕೇಳಿದ್ದೀರಿ. ನಾನು ಎಂಟು ತಿಂಗಳು ಹಾಗೆ ಮಾಡಿದವನು, ಅದಕ್ಕೇ ಬರೀತಿದ್ದೀನಿ.

ನನಗಾದ ದೊಡ್ಡ ಲಾಭ ಅಂದ್ರೆ ಮುಖ ನೋಡಬೇಕಾಗಿರಲಿಲ್ಲ. ರೂಮಲ್ಲಿ ಎದುರುಬದುರು ಕೂತರೆ ನನ್ನ ಕಣ್ಣು ಟಿಶ್ಯೂ ಡಬ್ಬಿ ಮೇಲೇ. ಅಪ್ಪನ ವಿಷಯ ಬಂದ ಕೂಡಲೇ ಬಾಯಿ ಕಟ್ಟಿಬಿಡ್ತಿತ್ತು. ಕೆರೆ ಪಕ್ಕ ಇಬ್ಬರೂ ನಡೀತಾ, ನೀರುಕಾಗೆ ರೆಕ್ಕೆ ಹರಡಿ ಒಣಗಿಸ್ಕೊಳ್ಳೋದನ್ನ ನೋಡ್ತಾ, ಮಾತು ತಾನಾಗೇ ಬಂತು. ನಡುವೆ ಸುಮ್ಮನಾದ್ರೂ ಮುಜುಗರ ಇಲ್ಲ, ಕಾಲು ನಡೀತಾನೇ ಇರುತ್ತಲ್ಲ. 2014ರ ಸ್ಟ್ಯಾನ್‌ಫರ್ಡ್ ಅಧ್ಯಯನವೊಂದರಲ್ಲಿ ಕೂತಿದ್ದಾಗಿನದಕ್ಕಿಂತ ನಡೆಯುವಾಗ ಹೊಸ ಯೋಚನೆಗಳು ಹೆಚ್ಚು ಹೊಳೆದಿದ್ದವು. ಅದು ಥೆರಪಿ ಬಗ್ಗೆ ಅಲ್ಲ, ಆದ್ರೂ ನನ್ನ ಅನುಭವಕ್ಕೆ ಹೊಂದುತ್ತೆ.

ಪರಿಚಯದವರು ಸಿಕ್ಕರೆ ಏನು ಹೇಳೋದು ಅಂತ ಮೊದಲೇ ಮಾತಾಡಿಕೊಳ್ಳಿ. ನಾವು "ಆಫೀಸ್ ಸ್ನೇಹಿತರು" ಅಂತ ಇಟ್ಕೊಂಡಿದ್ವಿ. ಒಮ್ಮೆ ನಮ್ಮ ಬೀದಿ ಆಂಟಿ ಸಿಕ್ಕಿ ಹತ್ತು ನಿಮಿಷ ಸೀಬೆಹಣ್ಣಿನ ರೇಟು ಹೇಳಿದ್ರು, ಅಷ್ಟೂ ನನ್ನ ಫೀಸಿನ ಟೈಮು! ವಾರದ ದಿನ ಹತ್ತು ಗಂಟೆ ಮೇಲೆ ಹೋಗಿ, ವಾಕಿಂಗ್ ಗುಂಪು ಕರಗಿರುತ್ತೆ. ಭಾನುವಾರ ಬೇಡವೇ ಬೇಡ.

ತೀರಾ ಅಳು ಬರೋ ವಿಷಯ ತೆಗೆಯೋದಿದ್ರೆ ಆ ಸಲ ರೂಮೇ ಕೇಳಿ. ಮಂಡಿನೋವಿದ್ರೆ ಹೇಳಿ, ಬೆಂಚಲ್ಲಿ ಕೂತೂ ಮಾತಾಡಬಹುದು. ಮತ್ತೆ, ಮಳೆ ಬಂದ ದಿನದ ಫೀಸು ಹೋಗುತ್ತಾ ಅಂತ ಈಗಲೇ ಕೇಳ್ಕೊಳ್ಳಿ, ನಾನು ಕೇಳಿರಲಿಲ್ಲ.