‘ಮನಸ್ಸು ಬಂದ ದಿನ ತೋಟಕ್ಕೆ ಹೋಗ್ತೀನಿ ಮೇಡಂ’

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು. ವಯಸ್ಸು 50 ದಾಟಿದೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ, ಇಲ್ಲಿ ಗೌಡರು ಎಂದಷ್ಟೇ ಕರೆಯುತ್ತೇನೆ.

ಮಳೆಗಾಲದ ನಡುವೆ ಅವರನ್ನು ಆಪ್ತ ಸಮಾಲೋಚನೆಗೆಂದು ನನ್ನ ಹತ್ತಿರ ಕರೆದುಕೊಂಡು ಬಂದವರು ಹೆಂಡತಿ. “ಐದು ಗಂಟೆಗೆ ಏಳ್ತಿದ್ದವರು, ಈಗ ಒಂಬತ್ತಾದ್ರೂ ಕಂಬಳಿ ಬಿಡಲ್ಲ. ಸೋಮಾರಿತನ, ಮತ್ತೇನಿಲ್ಲ.” ಗೌಡರು ಏನೂ ಹೇಳಲಿಲ್ಲ. ಹೆಂಡತಿ ಹೊರಗೆ ಹೋದ ಮೇಲೆ ಬಾಯಿಬಿಟ್ಟರು: “ಅಡಿಕೆಗೆ ಎಲೆಚುಕ್ಕಿ ರೋಗ ಬಂದ ಮೇಲೆ ತೋಟ ನೋಡಕ್ಕೇ ಆಗಲ್ಲ. ಮನಸ್ಸು ಬಂದ ದಿನ ಹೋಗೋಣ ಅಂತಿದ್ದೀನಿ.”

ಮೊದಲು ನೇರವಾಗಿ ಕೇಳಿದೆ: ಬದುಕೇ ಬೇಡ ಅನಿಸುತ್ತಾ? ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂದು ಹಲವರು ಹೆದರುತ್ತಾರೆ. ಹಾಗೇನೂ ಇಲ್ಲ, ಕೇಳಿದರೆ ಹಗುರಾಗುವವರೇ ಜಾಸ್ತಿ. ಗೌಡರಿಗೆ ಅಂಥ ಯೋಚನೆ ಇರಲಿಲ್ಲ. ನಿದ್ದೆ ಇರಲಿಲ್ಲ, ಅಷ್ಟೇ. ಮಧ್ಯರಾತ್ರಿಯವರೆಗೂ ಮೊಬೈಲಿನಲ್ಲಿ ಅಡಿಕೆ ರೇಟು, ರೋಗ ಬಂದ ತೋಟಗಳ ವಿಡಿಯೊ. ಡಾಕ್ಟರ ಹತ್ತಿರ ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆ ಮಾಡಿಸಿ ಎಂದೆ. ಥೈರಾಯ್ಡ್ ಕಡಿಮೆಯಾದರೂ ಮೈ ಹೀಗೇ ಭಾರವಾಗುತ್ತದೆ, ನಾವು ಮನಸ್ಸನ್ನು ಬೈಯುತ್ತಾ ಕೂರುತ್ತೇವೆ.

ರಿಪೋರ್ಟು ಸರಿಯಾಗಿಯೇ ಇತ್ತು. ಹಾಗಾಗಿ ಮತ್ತೆ ‘ಮನಸ್ಸು ಬಂದ ದಿನ’ ಎಂಬ ಅವರ ಆ ಮಾತಿಗೇ ಬಂದೆವು. ಮನಸ್ಸು ಕುಗ್ಗಿದಾಗ ಕೆಲಸ ಬಿಡುತ್ತೇವೆ. ಬಿಟ್ಟ ಕೆಲಸ ರಾಶಿ ಬೀಳುತ್ತದೆ. ಅದನ್ನು ನೋಡಿ ಇನ್ನಷ್ಟು ಕುಗ್ಗುತ್ತೇವೆ. ಹುಮ್ಮಸ್ಸು ಬರಲಿ ಎಂದು ಕಾದರೆ ಈ ಸುತ್ತು ತುಂಡಾಗುವುದಿಲ್ಲ. ಚಿಕ್ಕದೊಂದು ಕೆಲಸ ಮಾಡಿದ ಮೇಲೆ ಹುಮ್ಮಸ್ಸು ಸ್ವಲ್ಪ ಸ್ವಲ್ಪವೇ ಬರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಪೀಟರ್ ಲೆವಿನ್‌ಸನ್ 1970ರ ದಶಕದಲ್ಲಿ ಬೆಳೆಸಿದ ವಿಚಾರವಿದು. ಬಿಹೇವಿಯರಲ್ ಆಕ್ಟಿವೇಶನ್ ಎಂಬ ಹೆಸರಿನಲ್ಲಿ ಖಿನ್ನತೆಯ ಚಿಕಿತ್ಸೆಗೆ ಈಗಲೂ ಬಳಸುತ್ತೇವೆ.

ಹೆಸರು ಕಟ್ಟಿಕೊಂಡು ಗೌಡರಿಗೇನು? ರೋಗ ಬಾರದಂತೆ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದ ಬಗ್ಗೆ ಕೇಳಿದೆ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಕಲಸಿದ್ದನ್ನು ಅವತ್ತೇ ಹೊಡೆದು ಮುಗಿಸಬೇಕು. “ಮಳೆ ಬಿಟ್ಟ ಹೊಳವು ಎಷ್ಟು ಹೊತ್ತು ಇರುತ್ತೋ ನೋಡ್ಕೊಂಡು ಕಲಸ್ತೀವಿ” ಎಂದರು. ನಿಮ್ಮ ದಿನವನ್ನೂ ಹಾಗೇ ಕಲಸಿ ಎಂದೆ. ಮೊದಲ ಸಲ ನಕ್ಕರು.

ಒಂದು ಚೀಟಿ ಬರೆದೆವು. ತೀರಾ ಆಗದ ದಿನಕ್ಕೆ: ಏಳುವುದು, ಹಲ್ಲುಜ್ಜುವುದು, ಅಂಗಳದಲ್ಲಿ ನಿಂತು ಕಾಫಿ ಕುಡಿಯುವುದು. ಮುಗೀತು, ಅವತ್ತಿಗೆ ಅಷ್ಟು ಸಾಕು. ಸ್ವಲ್ಪ ಪರವಾಗಿಲ್ಲ ಅನಿಸಿದ ದಿನ ತೋಟದ ಬೇಲಿಬಾಗಿಲು, ಅಂದರೆ ದಣಪೆಯವರೆಗೆ ಹೋಗಿ ಬರುವುದು. ಮರ ನೋಡಲೇಬೇಕು ಅಂತಿಲ್ಲ. ಚೆನ್ನಾಗಿರುವ ದಿನ ಒಂದು ಸಾಲು ಮರದ ಕೆಲಸ. ಎರಡನೇ ಸಾಲಿಗೆ ಕೈ ಹಾಕಬಾರದು! ಒಳ್ಳೆಯ ದಿನ ಬಾಕಿಯೆಲ್ಲ ತೀರಿಸಲು ಹೋಗಿ ಮರುದಿನ ಮಲಗಿಬಿಡುವವರು ತುಂಬ ಜನ. ಮೊಬೈಲು ರಾತ್ರಿ ಅಡುಗೆಮನೆಯಲ್ಲಿ. ರೇಟು ಬೆಳಿಗ್ಗೆ ನೋಡಿದರೂ ಅದೇ ಇರುತ್ತದೆ, ಅಲ್ವಾ?

ಎರಡು ವಾರಕ್ಕೂ ಮೀರಿ ಯಾವುದರಲ್ಲೂ ಆಸಕ್ತಿಯಿಲ್ಲದೆ, ನಿದ್ದೆ ಊಟ ಕೆಟ್ಟಿದ್ದರೆ ಚೀಟಿಯೊಂದನ್ನೇ ನಂಬಿ ಕೂರಬಾರದು, ಮನೋವೈದ್ಯರನ್ನು ನೋಡಬೇಕು. ಗೌಡರನ್ನೂ ಕಳಿಸಿದೆ, ಮಾತ್ರೆ ಶುರುವಾಗಿದೆ. ಶಿವಮೊಗ್ಗದವರೆಗೆ ಬರಲಾಗದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಈಗ ಗೌಡರು ವಾರದಲ್ಲಿ ಕೆಲವು ದಿನ ತೋಟಕ್ಕಿಳಿಯುತ್ತಾರೆ. ಕಂಬಳಿಯ ದಿನಗಳು ಇನ್ನೂ ಇವೆ. ಸೋಮಾರಿ ಅನ್ನುವುದು ಬಿಟ್ಟು ದಣಪೆಯವರೆಗೆ ಜೊತೆಗೆ ನಡೆಯಿರಿ ಎಂದು ಹೆಂಡತಿಗೆ ಹೇಳಿದ್ದೆ. ನಡೆದರು. ಆದರೆ ಹೋದ ಸಲ ಬಂದಾಗ ಕೇಳಿದರು: “ನಂಗೆ ಮನಸ್ಸಿಲ್ಲದ ದಿನ ಕೊಟ್ಟಿಗೆಗೆ ಯಾರು ಬರ್ತಾರೆ ಮೇಡಂ?”

ನ್ಯಾಯವಾದ ಪ್ರಶ್ನೆ. ಮುಂದಿನ ಭೇಟಿಯಲ್ಲಿ ಅವರಿಗೇ ಬೇರೆ ಸಮಯ ಇಟ್ಟಿದ್ದೇನೆ.